ಡಬ್ಬಿಯಲ್ಲಿ ಉಳಿದ ತಂಬಾಕು

ಡಬ್ಬಿಯ ಮುಚ್ಚಳ ತೆಗೆದು ಮೂಸಿದ ಮರುಳಸಿದ್ದಮ್ಮ ಗಾಬರಿಯಾದಳು. ಗಂಡ ಕರಿಸಿದ್ದಪ್ಪ ಬೆಲ್ಲದ ನೀರು ಚಿಮುಕಿಸಿ ಹದಮಾಡಿಟ್ಟಿದ್ದ ಚಿಲುಮೆಯ ತಂಬಾಕು ಅದು. ಅವನು ತೀರಿಕೊಂಡ ಮೇಲೆ ಅದನ್ನು ಯಾರಿಗೂ ಮುಟ್ಟಗೊಡದೆ, ನೆನಪಾದಾಗಲೆಲ್ಲ ಮೂಸಿ ಮತ್ತೆ ಮುಚ್ಚಿಡುತ್ತಿದ್ದಳು. ಈಗ ಆ ವಾಸನೆ ಇದೆಯೋ ಇಲ್ಲವೋ ಎಂಬಷ್ಟು ತೆಳುವಾಗಿತ್ತು.

ಹೊರಗೆ ಕಟ್ಟೆಯ ಮೇಲೆ ಗೋಣೆಪ್ಪ ಕೂತಿದ್ದ. ಹಿರೇಹಡಗಲಿಯ ಹೊಲಗಳಲ್ಲಿ ಗಂಡನ ಜೊತೆ ಕುರಿ ಕಾಯುತ್ತ, ಒಂದೇ ಚಿಲುಮೆ ಹಂಚಿಕೊಂಡು ಸೇದಿದವನು. ಅವಳು ಡಬ್ಬಿಯನ್ನೂ ಗಂಡನ ಚಿಲುಮೆಯನ್ನೂ ಅವನ ಮುಂದಿಟ್ಟಳು. “ಸೇದಣ್ಣ.”

“ಬ್ಯಾಡ ತಂಗಿ. ಅವನ ಕೈಯಾಗಿಂದು ಉಳಿದಿದ್ದು ಇದೊಂದ. ಸುಟ್ರ ಮತ್ತ ಬರತೈತೇನು?”

“ಇಟ್ರೂ ಉಳಿಯಂಗಿಲ್ಲಣ್ಣ. ಮೂಸಿ ನೋಡು.”

ಮೂಸಿದ ಗೋಣೆಪ್ಪ ಚಿಲುಮೆ ತುಂಬಿ, ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ, ಕಡ್ಡಿ ಗೀರಿ ಎಳೆದ. ಬೆಲ್ಲ ಸುಟ್ಟಂಥ ಸಿಹಿ ಘಮ ಅಂಗಳ ತುಂಬಿತು. ಸಂಜೆ ಕುರಿ ಹಟ್ಟಿಗೆ ಕೂಡಿದ ಮೇಲೆ, ಗಂಡನಿಗಿಂತ ಮೊದಲೇ ಮನೆಯೊಳಗೆ ಬರುತ್ತಿದ್ದ ಘಮ.

“ಅವನ ಹದಾನ ಐತಿ ತಂಗಿ,” ಎಂದ ಗೋಣೆಪ್ಪ, ಮುಚ್ಚಿದ ಕಣ್ಣು ತೆರೆಯದೆ.

ಕರಿಸಿದ್ದಪ್ಪ ಇದ್ದಷ್ಟು ದಿನ ಆ ಹೊಗೆಯನ್ನು ಬೈದು, ಮೂಗಿಗೆ ಸೆರಗು ಹಿಡಿದು ದೂರ ಕೂರುತ್ತಿದ್ದವಳು, ಈಗ ಗಾಳಿ ಯಾವ ಕಡೆಗೆ ಬೀಸುತ್ತಿದೆಯೆಂದು ನೋಡಿ, ಹೊಗೆ ಮುಖಕ್ಕೇ ಬರುವಲ್ಲಿಗೆ ಸರಿದು ಕೂತಳು.