ಅರವತ್ತೈದನೆಯ ಪುಟ

“ಸಹಿ ಹಾಕಿಬಿಟ್ರಾ ಸಿಸ್ಟರ್?” ಎನ್ನುತ್ತಲೇ ಕಂಡಕ್ಟರ್ ಗ್ರಂಥಾಲಯದ ಓದುವ ಕೋಣೆಗೆ ನುಗ್ಗಿದರು. ಮೆಟ್ಟಿಲು ಹತ್ತಿದ ಏದುಸಿರು ಇನ್ನೂ ಇಳಿದಿರಲಿಲ್ಲ. ಬಸ್ಸಿನ ಕೆಲಸದಿಂದ ನಿವೃತ್ತರಾಗಿ ಎಂಟು ವರ್ಷವಾಗಿದ್ದರೂ ಭಾನುವಾರದ ಬರಹಗಾರರ ಕೂಟದಲ್ಲಿ ಅವರು ಎಲ್ಲರಿಗೂ ಕಂಡಕ್ಟರೇ.

“ಇಲ್ಲ, ನಾಳೆ ಹೋಗ್ತೀನಿ” ಎಂದಳು ನರ್ಸ್, ಪ್ರಕಾಶಕರು ಕಳಿಸಿದ ಒಪ್ಪಂದದ ಹಾಳೆಗಳನ್ನು ಕೈಚೀಲದೊಳಕ್ಕೆ ತಳ್ಳುತ್ತ. ಡ್ಯೂಟಿ ಮುಗಿಸಿ ಬಂದು, ಅಡುಗೆಮನೆಯ ಕಟ್ಟೆಯ ಮೇಲೇ ನೋಟ್‌ಬುಕ್ ಹರಡಿಕೊಂಡು, ಆರು ವರ್ಷ ಕೂತು ಬರೆದ ಕಾದಂಬರಿ ಅದು. ಮೂರು ಕಡೆಯವರು ತಿಂಗಳುಗಟ್ಟಲೆ ಕಾಯಿಸಿ ಬೇಡವೆಂದಿದ್ದರು. ಈ ಪ್ರಕಾಶಕರಿಗೆ ಮಂಗಳವಾರ ಕಳಿಸಿದ್ದಳು. ‘ನಿಮ್ಮ ಕೃತಿ ನಮ್ಮನ್ನು ಬೆರಗುಗೊಳಿಸಿದೆ’ ಎಂದು ಗುರುವಾರವೇ ಉತ್ತರ ಬಂದಿತ್ತು. ಅಂದಿನಿಂದ ಅವಳ ಕಾಲು ನೆಲದ ಮೇಲೆ ನಿಂತಿರಲಿಲ್ಲ.

“ಮುನ್ನೂರು ಪುಟಾನ ಎರಡೇ ದಿನಕ್ಕೆ ಓದಿ ಬೆರಗಾಗಿಬಿಟ್ರಂತಾ? ಅಚ್ಚಿನ ಖರ್ಚಲ್ಲಿ ಅರ್ಧ ನೀವು ಹಾಕ್ಬೇಕು ಅಂದಿರ್ತಾರೆ, ಅಲ್ವಾ?”

“ಅಂದಿದಾರೆ. ಅದರಲ್ಲೇನು ತಪ್ಪು?” ಅವಳ ಮುಖ ಕೆಂಪಾಯಿತು. “ಇನ್ನೊಬ್ಬರ ಪುಸ್ತಕ ಬರುತ್ತೆ ಅಂದ್ರೆ ಕೆಲವರಿಗೆ ಹೊಟ್ಟೆ ಉರಿ.”

ಮಾತು ಬಾಯಿಂದ ಜಾರಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಮೇಜಿನ ಸುತ್ತ ಕೂತಿದ್ದ ಐದಾರು ಮಂದಿ ತಲೆ ತಗ್ಗಿಸಿದರು. ಕಂಡಕ್ಟರ್ ಮಾತ್ರ ಏನೂ ಆಗದವರಂತೆ ಕುರ್ಚಿ ಎಳೆದುಕೊಂಡು ಕೂತು, ಹೆಗಲಿನ ಚೀಲದಿಂದ ಒಂದು ಪುಸ್ತಕ ತೆಗೆದು ಅವಳ ಮುಂದಿಟ್ಟರು. ಮೂಲೆಗಳೆಲ್ಲ ಸವೆದ ಹೊದಿಕೆಯ ಮೇಲೆ ಅವರದೇ ಹೆಸರಿತ್ತು.

“ನಂದು. ನಿಮ್ಮ ಪ್ರಕಾಶಕರೇ ಅಚ್ಚು ಹಾಕಿದ್ದು. ಅರವತ್ನಾಲ್ಕನೇ ಪುಟ ತೆಗೆದು ಗಟ್ಟಿಯಾಗಿ ಓದಿ. ಎಲ್ಲರಿಗೂ ಕೇಳಿಸಲಿ.”

ಇವರ ಉಪದೇಶ ಮುಗಿದರೆ ಸಾಕೆಂದು ಅವಳು ಓದತೊಡಗಿದಳು. ಆಸ್ಪತ್ರೆಯ ದೃಶ್ಯ. ಪ್ರಜ್ಞೆಯಿಲ್ಲದೆ ಮಲಗಿದ ಹೆಂಡತಿಯ ಪಕ್ಕ ಗಂಡ ಸ್ಟೂಲಿನ ಮೇಲೆ ಕೂತು ಗ್ಲೂಕೋಸಿನ ಹನಿಗಳನ್ನು ಎಣಿಸುತ್ತಿದ್ದಾನೆ. ತಾನು ಎಣಿಸುವುದನ್ನು ಬಿಟ್ಟರೆ ಎಲ್ಲಿ ಹನಿ ನಿಂತುಹೋದೀತೋ ಎಂಬ ಭಯ ಅವನಿಗೆ. ಅವಳ ಓದು ತಾನಾಗಿ ನಿಧಾನವಾಯಿತು. ಇಪ್ಪತ್ತೆರಡು ವರ್ಷಗಳಲ್ಲಿ ಅಂಥ ಎಷ್ಟೋ ಗಂಡಂದಿರನ್ನು ಅವಳು ವಾರ್ಡಿನಲ್ಲಿ ಕಂಡಿದ್ದಳು. ‘ಸ್ವಲ್ಪ ಹೊರಗೆ ಹೋಗಿ’ ಎಂದು ಗದರಿಯೂ ಇದ್ದಳು. ಅವರು ಎಣಿಸುತ್ತಿರುತ್ತಾರೆಂದು ಒಮ್ಮೆಯೂ ಹೊಳೆದಿರಲಿಲ್ಲ.

“‘ಅವನು ಅವಳ ಕೈ ಹಿಡಿದುಕೊಂಡ. ಮೊದಲು ಅನುಮಾನವಾಯಿತು, ಆಮೇಲೆ ಖಾತ್ರಿಯಾಯಿತು. ಕೈ...’” ಪುಟ ಮುಗಿಯಿತು. ಅದೇ ಉಸಿರಿನಲ್ಲಿ ಕಣ್ಣು ಪಕ್ಕದ ಪುಟಕ್ಕೆ ದಾಟಿತು. “‘ಬಿಸಿಯಾದರೆ ತಕ್ಷಣ ಸ್ವಿಚ್ ಆಫ್ ಮಾಡಿ. ನೀರು ಮೇಲೇರದಿದ್ದರೆ ವಾಲ್ವ್ ಪರೀಕ್ಷಿಸಿ.’”

ಒಂದು ಗಳಿಗೆ ಯಾರಿಗೂ ಏನೂ ತಿಳಿಯಲಿಲ್ಲ. ಆಮೇಲೆ ಕೋಣೆಗೆ ಕೋಣೆಯೇ ಗೊಳ್ಳೆಂದಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಕಂಡಕ್ಟರ್.

“ನೀರೆತ್ತೋ ಪಂಪಿನ ಕೈಪಿಡಿ! ಅರವತ್ತೈದರಿಂದ ಎಂಬತ್ತರವರೆಗೆ, ಒಟ್ಟಿಗೆ ಅಚ್ಚಾಗೋ ಒಂದು ಫಾರಂ ಪೂರ್ತಿ. ನನ್ನ ಹದಿನಾರು ಪುಟ ಯಾವ ಪಂಪಿನ ಡಬ್ಬಿಯೊಳಗೆ ಸೇರ್ಕೊಂಡಿದೆಯೋ! ಅಷ್ಟು ಪ್ರತಿಗಳಲ್ಲೂ ಹೀಗೇ. ಕೇಳೋಕೆ ಹೋದ್ರೆ, ಸಹಿ ಹಾಕಿದ್ದು ನೀವೇ ಅಲ್ವಾ ಅಂದ್ರು. ಅಲ್ಲಿ ಯಾರೂ ಓದಲ್ಲ ಸಿಸ್ಟರ್. ತಗೊಳ್ಳೋವಾಗಲೂ ಓದಲ್ಲ, ಅಚ್ಚು ಹಾಕೋವಾಗಲೂ ಓದಲ್ಲ.”

“ಅಯ್ಯೋ ಸರ್, ಇದನ್ನ ಹೀಗೆ ಎಲ್ಲರ ಮುಂದೆ ಯಾಕೆ...”

“ಬರೀ ಬಾಯಲ್ಲಿ ಹೇಳಿದ್ರೆ ಹೊಟ್ಟೆ ಉರಿ ಅಂತಾರೆ” ಎಂದರು ಅವರು. ದನಿಯಲ್ಲಿ ಮುಳ್ಳಿರಲಿಲ್ಲ. “ಇದನ್ನ ಓದಿಸಿದ್ರೆ ನಗ್ತಾರೆ. ನಕ್ಕವರು ಸಹಿ ಹಾಕಲ್ಲ. ನೀವು ಹದಿನೇಳನೆಯವರು.”

“ಹೋದ ವಾರ ಯಾರೋ ಹುಡುಗಿಗೆ ತೋರಿಸೋಕೆ ಅಂತ ಎರಡು ಬಸ್ ಬದಲಾಯಿಸಿ ಹೋಗಿಬಂದ್ರು, ಆ ಮಂಡಿನೋವು ಇಟ್ಕೊಂಡು” ಎಂದರು ಬಾಗಿಲಲ್ಲಿ ನಿಂತಿದ್ದ ಗ್ರಂಥಪಾಲಕಿ. ಕಂಡಕ್ಟರ್ ಬೇಡವೆನ್ನುವಂತೆ ಕೈಯಾಡಿಸಿದರು.

ನರ್ಸ್ ಅವರನ್ನೇ ನೋಡಿದಳು. ತನ್ನ ಬರಹದಲ್ಲಿ ಒಂದು ಅಕ್ಷರ ತಪ್ಪಾಗಿದೆಯೆಂದು ಯಾರಾದರೂ ಎತ್ತಿ ಆಡಿದರೆ ವಾರವಿಡೀ ಅವಳಿಗೆ ಅನ್ನ ಸೇರುತ್ತಿರಲಿಲ್ಲ. ಈ ಮನುಷ್ಯ ತನ್ನ ಹಾಳಾದ ಪುಸ್ತಕವನ್ನು ಹದಿನೇಳು ಸಲ ತಾನಾಗಿ ಬಿಚ್ಚಿಟ್ಟು ಜನರನ್ನು ನಗಿಸಿದ್ದರು. ಅವಳು ಚೀಲದಿಂದ ಒಪ್ಪಂದದ ಹಾಳೆಗಳನ್ನು ತೆಗೆದು, ನಾಲ್ಕು ಚೂರು ಮಾಡಿ, ಕಸದ ಬುಟ್ಟಿಗೆ ಹಾಕಿಬಂದಳು. ಯಾರೋ ಚಪ್ಪಾಳೆ ತಟ್ಟಿದರು. ಕಂಡಕ್ಟರ್ ಪುಸ್ತಕ ಮುಚ್ಚಲು ಕೈ ಚಾಚಿದರು. ಅವಳು ಪುಟದ ಮೇಲಿನ ಬೆರಳು ತೆಗೆಯಲಿಲ್ಲ.

“ಆಮೇಲೆ ಏನಾಯ್ತು ಸರ್?”

“ಆಮೇಲೇನು, ಫೋನ್ ಎತ್ತೋದೇ ಬಿಟ್ಟರು.”

“ಅದಲ್ಲ. ಅವನು ಹೆಂಡತಿ ಕೈ ಹಿಡ್ಕೊಂಡನಲ್ಲ... ಆಮೇಲೆ?”

ಕಂಡಕ್ಟರ್ ಕನ್ನಡಕ ತೆಗೆದರು. ಅಂಗಿಯ ತುದಿಯಿಂದ ಅದನ್ನು ಬಹಳ ಹೊತ್ತು ಒರೆಸಿದರು. ನಗು ನಿಂತುಹೋಗಿತ್ತು, ಹೊರಗೆ ಹೊರಟಿದ್ದ ಗ್ರಂಥಪಾಲಕಿ ಒಳಗೆ ಬಂದು ಕೂತರು.

“ಇಷ್ಟು ಜನರಲ್ಲಿ ಯಾರೂ ಇದನ್ನ ಕೇಳಿರಲಿಲ್ಲ” ಎಂದರು ಕಂಡಕ್ಟರ್. ಆಮೇಲೆ ಕಣ್ಣು ಮುಚ್ಚಿ, ಇಲ್ಲದ ಪುಟವನ್ನು ಮೊದಲಿಂದ ಹೇಳತೊಡಗಿದರು: “ಬೆಚ್ಚಗಾಗುತ್ತಿತ್ತು...”