ಕನ್ನಡಕ ಹುಡುಕುವ ಸಿನಿಮಾ

ಚಿತ್ರಮಂದಿರದ ಬಾಗಿಲಲ್ಲಿ ಯೂಟ್ಯೂಬಿನವರ ಮೈಕು ಕಂಡಿದ್ದೇ ತಡ, ನಿರ್ದೇಶಕ ತನ್ನ ಭಾವಮೈದುನನನ್ನು ಮುಂದೆ ತಳ್ಳಿದ. ಆ ಮಹಾಶಯ ಸಿನಿಮಾ ನೋಡುವುದಿರಲಿ, ಒಳಗೆ ಕಾಲೇ ಇಟ್ಟಿರಲಿಲ್ಲ. ಆದರೂ ಗಂಟಲು ಹರಿಯುವಂತೆ ಕೂಗಿದ: “ಕಾಮಿಡಿ ಸೂಪರ್! ಫೈಟ್ ಬೆಂಕಿ! ಫ್ಯಾಮಿಲಿ ಸಮೇತ ಬನ್ನಿ!”

ನಿರ್ದೇಶಕನಿಗೆ ಮೈಯೆಲ್ಲ ಉರಿಯಿತು. “ಲೋ, ಮೂರು ಜನ ಮುದುಕರು ಒಂದು ಕನ್ನಡಕ ಹುಡುಕೋ ಸಿನಿಮಾ ಕಣೋ ಇದು. ಫೈಟ್ ಎಲ್ಲಿಂದ ಬಂತು? ನೋಡಿದೋರು ನಗಲ್ವಾ?”

“ನೋಡಿದೋರು ಎಲ್ಲಿದ್ದಾರೆ ಭಾವ?”

“ಜನ ಹಾಳಾಗ್ಲಿ. ನಾಳೆ ಪೇಪರಲ್ಲಿ ವಿಮರ್ಶೆ ಬರುತ್ತೆ. ಬರೆಯೋರು ದೊಡ್ಡ ವಿಮರ್ಶಕರು, ನಿನ್ನ ಥರ ಬಾಯಿಗೆ ಬಂದಿದ್ದು ಹೇಳಲ್ಲ.”

ಮರುದಿನ ನಿರ್ದೇಶಕ ಪತ್ರಿಕೆ ಬಿಡಿಸಿ ವಿಮರ್ಶೆಯ ಕೊನೆಯ ಸಾಲು ಓದಿದ: “ಹಾಸ್ಯ ಹದವಾಗಿದೆ, ಹೊಡೆದಾಟ ಮಾತ್ರ ಕೊಂಚ ಅತಿಯಾಯಿತು.”