ಗಿರಾಕಿಗೆ ಕಾಣಬೇಕಾದ ದುಡಿಮೆ

“ಆ ಸುಡುಗಾಡು ಬಟನ್ ತಗದ ಹಾಕವಾ ರಂಜನಾ. ಮೊದಲಿನಂಗ ಕೈಲೇ ಮಾಡು,” ಎಂದು ಅಂದಾನೆಪ್ಪ ಬಾಗಿಲಲ್ಲಿ ನಿಂತೇ ಹೇಳಿದ.

ರಂಜನಾ ತಲೆ ಎತ್ತಲಿಲ್ಲ. ಯರಗಟ್ಟಿಯಲ್ಲಿ ರೈತರ ಮಾಲು ಮಾರಿಸಿಕೊಡುವ ಅಡತಿ ಅಂಗಡಿಗಳು ಬಿಲ್ ಹಾಕಲು ಬಳಸುವ ಸಣ್ಣ ಪ್ರೋಗ್ರಾಮು ಅವಳ ಮುಂದಿತ್ತು. ಗಿರಾಕಿಗಳನ್ನು ಹಿಡಿಯುವುದು ಮಾಲೀಕ ಅಂದಾನೆಪ್ಪನ ಪಾಲು, ಉಳಿದದ್ದೆಲ್ಲ ಇವಳ ಪಾಲು. ಪ್ರೋಗ್ರಾಮಿನಲ್ಲಿ ಸಾಸಿವೆಯಷ್ಟು ಬದಲಾದರೂ ಫೈಲುಗಳನ್ನೆಲ್ಲ ಒಟ್ಟುಗೂಡಿಸಿ, ತಪ್ಪು ಹುಡುಕಿ, ಅಂಗಡಿಯ ಕಂಪ್ಯೂಟರಿನಲ್ಲಿ ಓಡುವಂತೆ ಮತ್ತೆ ಕಟ್ಟಬೇಕು. ಬಿಲ್ಡ್ ಎನ್ನುವ ಈ ರಗಳೆ ಅವಳ ಸಂಜೆಗಳನ್ನೆಲ್ಲ ನುಂಗಿತ್ತು. ಸವದತ್ತಿಯ ಮನೆ ಮುಟ್ಟುವಷ್ಟರಲ್ಲಿ ಮಗಳು ಅಜ್ಜಿಯ ಕೈತುತ್ತು ಉಂಡು ಮಲಗಿಬಿಟ್ಟಿರುತ್ತಿದ್ದಳು. ರೋಸಿಹೋದ ರಂಜನಾ ಆ ಕೆಲಸವನ್ನೆಲ್ಲ ಕಂಪ್ಯೂಟರಿಗೇ ಕಲಿಸಿಬಿಟ್ಟಳು. ಈಗ ಬಟನ್ ಒತ್ತಿದರೆ ಮುಗಿಯಿತು. ಹೊತ್ತು ಮುಳುಗುವ ಮುಂಚಿನ ಬಸ್ಸು ಸಿಗುತ್ತಿತ್ತು, ಈ ವಾರವೆಲ್ಲ ಮಗಳೇ ಓಡಿಬಂದು ಬಾಗಿಲು ತೆಗೆದಿದ್ದಳು.

“ಯಾಕ ತಗೀಬೇಕ್ರಿ? ಏನರ ತಪ್ಪಾಗೇದೇನು?”

“ತಪ್ಪಿನ ಮಾತಲ್ಲವಾ. ಕಣ್ಣೆದುರು ತೂಗದ ಮಾಲು ಈ ಊರಾಗ ಯಾರೂ ಒಪ್ಪಂಗಿಲ್ಲ. ನಮ್ಮ ಕೆಲಸಾನೂ ಹಂಗ, ಮಂದಿಗೆ ಕಾಣಬೇಕು. ನಿನ್ನಿ ಆ ಅಡತಿ ಅಂಗಡಿ ಲಕ್ಕಪ್ಪ ಇಲ್ಲಿ ಕುಂತು ಚಾ ಕುಡಿಯೂದ್ರಾಗ ಬಿಲ್ಡ್ ಮುಗೀತು. ಏನಂದ ಗೊತ್ತೈತಿ? ‘ಇಷ್ಟಕ್ಕ ಅಷ್ಟು ರೊಕ್ಕಾ ಏನ್ರಿ?’ ಅಂದ!”

ರಂಜನಾಗೆ ಮೈಯೆಲ್ಲ ಉರಿಯಿತು. “ಕೂರಿಗಿಲೇ ಬಿತ್ತಿದವಗ, ‘ಒಂದೊಂದ ಕಾಳು ಕೈಲೇ ಊರಿ ತೋರಸು’ ಅಂತ ಯಾರರ ಅಂತಾರೇನ್ರಿ?”

“ಶಾಣ್ಯಾತನ ಸಾಕು. ಲಕ್ಕಪ್ಪ ಬಿಲ್ಲಿನಾಗ ಖಾಲಿ ಚೀಲದ ತೂಕ ಕಳಿಯೂ ಲೆಕ್ಕ ಬದಲ್ ಮಾಡ್ರಿ ಅಂದಾನಲಾ, ಅದಕ್ಕ ಈಗ ಬರಾಕ ಹತ್ಯಾನ. ಅವ ಹೋಗುತನಾ ಕುಂತು ಮಾಡಿದಂಗ ಮಾಡು. ಆಗೂದಿಲ್ಲ ಅಂದ್ರ ನಾಳಿಂದ ಬರಬ್ಯಾಡ.”

ಈ ಸಂಬಳವಿಲ್ಲದೆ ಮನೆ ನಡೆಯುವುದಿಲ್ಲ. ಅದು ಅವಳಿಗೆ ಗೊತ್ತು, ಅವಳಿಗೆ ಗೊತ್ತಿದೆಯೆಂದು ಅವನಿಗೂ ಗೊತ್ತು. ಹೆದರಿಕೆ ಆಗಲಿಲ್ಲವೆಂದರೆ ಸುಳ್ಳಾದೀತು. ಆದರೆ ಮಾಡದ ಕೆಲಸ ಮಾಡಿದಂತೆ ತೋರಿಸುತ್ತ ಕೂರಬೇಕು, ಅತ್ತ ಮಗಳು ಬಾಗಿಲು ನೋಡುತ್ತ ನಿದ್ದೆಹೋಗಬೇಕು! ಛೀ, ಇದೆಂಥ ನೌಕರಿ ಅನ್ನಿಸಿತು. ಬಟನ್ ಒತ್ತಿ, ಚೀಲ ಹೆಗಲಿಗೇರಿಸಿ ಎದ್ದೇಬಿಟ್ಟಳು.

“ಲಕ್ಕಪ್ಪನವರ ಲೆಕ್ಕ ಸರಿ ಮಾಡೇನಿ, ಬಿಲ್ಡ್ ನಡದದ. ಸಾಹುಕಾರ್ರ, ದುಡೀ ಅಂದ್ರ ದುಡೀತೇನಿ, ದುಡಿಯೋ ಸೋಗು ನನ್ನ ಕೈಲೇ ಆಗೂದಿಲ್ಲ. ನಾಳೆ ಬರತೇನಿ. ಬ್ಯಾಡಾದ್ರ ಗಿರಾಕಿ ಮುಂದನ ಹೇಳ್ರಿ, ಕೆಲಸಾ ಲಗೂ ಮುಗಿಸಿದ್ದಕ್ಕ ಈಕಿನ್ನ ಬಿಡಿಸೇನಿ ಅಂತ!”

ಅಷ್ಟರಲ್ಲಿ ಮೆಟ್ಟಿಲ ಮೇಲೆ ಲಕ್ಕಪ್ಪನ ಕೆಮ್ಮು ಕೇಳಿಸಿತು.

“ಏನಕ್ಕಾರ, ಹೊಂಟ್ರಲಾ? ನಮ್ಮ ಕೆಲಸಾ?”

“ನಡದದ್ರಿ. ಒಳಗ ಹೋಗ್ರಿ,” ಎಂದು ರಂಜನಾ ಬಾಗಿಲ ಹೊರಗೆ ಚಪ್ಪಲಿ ಮೆಟ್ಟಿಕೊಳ್ಳುತ್ತ ಒಮ್ಮೆ ಹಿಂದೆ ನೋಡಿದಳು.

ಪರದೆಯ ಮೇಲೆ ಸಾಲುಗಳು ತಮ್ಮಷ್ಟಕ್ಕೆ ತಾವೇ ಓಡುತ್ತಿದ್ದವು. ಅವಳ ಕುರ್ಚಿಯಲ್ಲಿ ಅಂದಾನೆಪ್ಪ ಕುಳಿತಿದ್ದ. ಹುಬ್ಬು ಗಂಟಿಕ್ಕಿ, ಉಸಿರು ಬಿಗಿಹಿಡಿದು, ಎರಡೂ ಕೈಯಿಂದ ಕೀಬೋರ್ಡನ್ನು ಟಕಟಕ ಬಡಿಯುತ್ತಿದ್ದ.